ಇಪ್ಪತ್ಮೂರರ ಹಾಜರಿ

ಭಾನುವಾರ, ಮಾರ್ಚ್ ೯

ಪ್ರೀತಿಯ ಗಿಳಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ಪೆನ್ನು ಹಿಡಿದು ಇಷ್ಟುದ್ದ ಬರೆಯದೆ ಎಷ್ಟೋ ಕಾಲವಾಯಿತು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ ಅಂತ ಹಾಸ್ಟೆಲ್ಲಿನಲ್ಲಿ ಆಡಿಕೊಳ್ಳುತ್ತಿದ್ದೆಯಲ್ಲ, ಈಗ ಆ ಕೋಳಿಗೂ ವಯಸ್ಸಾಗಿದೆ. ಹೋದ ತಿಂಗಳೇ ಬರೆಯಬೇಕಿತ್ತು. ದಿನವೂ ಆಸ್ಪತ್ರೆ, ಕಾರ್ಖಾನೆ, ಮನೆ ಅಂತ ಓಡಾಡಿ, ರಾತ್ರಿ ಕೂತರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಆದರೆ ನೀನೇನು ಕಡಿಮೆಯೇ? ಫೋನ್ ಮಾಡಿದರೆ ಎತ್ತುವುದಿಲ್ಲ. ಹೇಳದೆ ಕೇಳದೆ ನಮ್ಮ ಕ್ಲಾಸಿನ ಗ್ರೂಪ್ ಬಿಟ್ಟು ಹೋದೆ. ಶಾಲೆಗೆ ಫೋನ್ ಮಾಡಿದೆ. "ಕೆಮಿಸ್ಟ್ರಿ ಮೇಡಂ ರಜೆ ಹಾಕಿದಾರೆ" ಅಂದ ನಿಮ್ಮ ಗುಮಾಸ್ತ. ಯಾವಾಗ ಬರುತ್ತಾರೆ ಅಂದರೆ, "ನಮಗೂ ಗೊತ್ತಿಲ್ಲಮ್ಮ" ಅಂದ. ನಿಮ್ಮಮ್ಮ ಹೋದ ಮೇಲೆ ಆ ಮನೆಯಲ್ಲಿ ನೀನೊಬ್ಬಳೇ ಇರುವುದು.

ಮೊದಲು ನನ್ನ ಸುದ್ದಿ ಹೇಳಿ ಮುಗಿಸುತ್ತೇನೆ, ದೊಡ್ಡದೇನಿಲ್ಲ. ಬಣ್ಣದ ಕಾರ್ಖಾನೆಯಲ್ಲಿ ಅದೇ ಲ್ಯಾಬು, ಅದೇ ಕಲೆ ಬಿದ್ದ ಕೋಟು. ತಗಡಿಗೆ ಬಣ್ಣ ಬಳಿಯುವುದು, ಒಣಗಲು ಬಿಡುವುದು, ಬೆರಳೊತ್ತಿ ಗುರುತು ಬೀಳುತ್ತದೋ ಇಲ್ಲವೋ ನೋಡುವುದು. ಹೊಸ ಮ್ಯಾನೇಜರ್ ಬಂದಿದ್ದಾನೆ, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಬಂದ ವಾರವೇ ನನ್ನನ್ನು ಕರೆದು, "ಮೇಡಂ, ನಿಮ್ಮ ಅನುಭವ ನಮ್ಮ ಆಸ್ತಿ" ಅಂದ. ಮರುದಿನ ನನ್ನ ಕುರ್ಚಿ ಗೋಡೌನಿಗೆ ಹೋಗಿತ್ತು. ನಾನು ಬಿಡುತ್ತೇನೆಯೇ? ನೀವೆಲ್ಲ ಸೇರಿ ನನಗೆ ಲಿಟ್ಮಸ್ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲವಲ್ಲ. ಅವನೆದುರು ಕೆಂಪಗಾಗಿ, ಕೂಗಾಡಿ, ಕುರ್ಚಿಯನ್ನು ನಾನೇ ಎಳೆದುಕೊಂಡು ವಾಪಸ್ ಬಂದೆ. ನಮ್ಮ ಯಜಮಾನರಿಗೆ ಮಂಡಿ ನೋವು. ಮೆಟ್ಟಿಲ ಕೆಳಗೆ ನಿಂತು ನನ್ನ ಹೆಸರು ಹಿಡಿದು ಕೂಗುತ್ತಾರೆ. ಮದುವೆಯಾದ ಹೊಸದರಲ್ಲೂ ಇಷ್ಟು ಸಲ ಕರೆದವರಲ್ಲ.

ನಮ್ಮ ಕ್ಲಾಸ್ ಲೀಡರ್ ವಿಷಯ ಹೇಳಬೇಕು. ಟ್ಯೂಷನ್ ಮುಚ್ಚಿದ್ದಾನೆ. ತಲೆಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದಾನೆ, ಒಂದೇ ತಿಂಗಳಲ್ಲಿ ಅವರಪ್ಪನ ಹಾಗೆ ಕಾಣುತ್ತಾನೆ. ಬ್ಯೂರೆಟ್ ಮಲಗಿರುವ ಆಸ್ಪತ್ರೆಗೆ ದಿನವೂ ಬರುತ್ತಾನೆ, ಆದರೆ ರೂಮಿನ ಒಳಗೆ ಬರುವುದಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು, ಬ್ಯೂರೆಟ್‌ನ ಮಗಳು ಬಂದರೆ ಎದ್ದು ನಿಲ್ಲುತ್ತಾನೆ. ಆ ಹುಡುಗಿಯ ಮುಖ ನೋಡುವ ಧೈರ್ಯ ಅವನಿಗಿಲ್ಲ. ಏಕೆಂದು ನಿನಗೆ ಪೂರ್ತಿ ಗೊತ್ತಿಲ್ಲ ಅಂತ ಕಾಣುತ್ತದೆ. ನೀನು ಕೇಳಿದ್ದು ಅರ್ಧ, ಉಳಿದದ್ದನ್ನು ನೀನೇ ಕಲ್ಪಿಸಿಕೊಂಡು ಬಾಗಿಲು ಹಾಕಿಕೊಂಡಿರುವೆ. ನಾನು ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಓದುವಾಗ ಕೂತುಕೊಂಡು ಓದು.

ನಮ್ಮ ಗೋಲ್‌ಕೀಪರ್ ಬಾಡಿಗೆ ರೂಮಿನಲ್ಲಿ ಸತ್ತು, ವಾಸನೆ ಬರುವ ತನಕ ಯಾರಿಗೂ ತಿಳಿಯಲಿಲ್ಲ, ನೆನಪಿದೆಯಲ್ಲ. ಅವನ ಮನೆಯಿಂದ ವಾಪಸ್ ಬರುವಾಗ ಬಸ್ಸಿನಲ್ಲೇ ಲೀಡರ್ ಹೇಳಿದ್ದು: "ನಮ್ ಕ್ಲಾಸಲ್ಲಿ ಇನ್ನೊಬ್ರು ಹೀಗ್ ಹೋಗಬಾರ್ದು. ನಾಳೆಯಿಂದ ದಿನಾ ಬೆಳಿಗ್ಗೆ ಹಾಜರಿ. ಗ್ರೂಪಲ್ಲಿ ಕಾಲೇಜಿನ ನಂಬರ್ ಹಾಕಿ, ಹಾಜರ್ ಅನ್ನಿ, ಅಷ್ಟು ಸಾಕು. ಹಾಕ್ದೆ ಇದ್ದೋರ ಮನೆಗೆ ನಾನು ಫೋನ್ ಮಾಡ್ತೀನಿ." ಅಳುತ್ತಲೇ ಎಲ್ಲರೂ ಒಪ್ಪಿದೆವು. ಒಂದು ವಾರ ಶಿಸ್ತಾಗಿ ನಡೆಯಿತು. ಆಮೇಲೆ ನಾವು ನಾವೇ ತಾನೆ? ಒಬ್ಬರು ಮಲಗಿದ್ದರೆ ಇನ್ನೊಬ್ಬರು ಪ್ರಾಕ್ಸಿ ಕೊಡಲು ಶುರುವಾಯಿತು. ಕಾಲೇಜಿನ ಚಾಳಿ ಐವತ್ತಾದರೂ ಬಿಡಲಿಲ್ಲ.

ಲ್ಯಾಬಿನಲ್ಲಿ ನಮ್ಮದು ಒಂದೇ ಮೇಜು. ಲೀಡರ್ ಇಪ್ಪತ್ತೊಂದು, ನಾನು ಇಪ್ಪತ್ತೆರಡು, ಬ್ಯೂರೆಟ್ ಇಪ್ಪತ್ಮೂರು, ನೀನು ಇಪ್ಪತ್ನಾಲ್ಕು. ಬ್ಯೂರೆಟ್ ಅಪ್ಪನ ಅಂಗಡಿಯ ಬಾಗಿಲು ತೆಗೆದು ಬರುವಷ್ಟರಲ್ಲಿ ಹಾಜರಿ ಮುಗಿದಿರುತ್ತಿತ್ತು. ನೀನು ಇಡೀ ಕ್ಲಾಸಿನ ದನಿ ತೆಗೆಯುತ್ತಿದ್ದೆ, ಕೇಳಿ ಎಲ್ಲರೂ ನಗುತ್ತಿದ್ದೆವು. ಅವನ ದನಿ ತೆಗೆದಾಗ ಮಾತ್ರ ಯಾರೂ ನಗುತ್ತಿರಲಿಲ್ಲ, ಅವನೇ ಬಂದ ಅಂದುಕೊಳ್ಳುತ್ತಿದ್ದೆವು. ಅದು ಏಕೆ ಅಂತ ನಾನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಗ್ರೂಪಿನಲ್ಲೂ ನಿನ್ನದು ಅದೇ ಅಭ್ಯಾಸವಾಯಿತು: ಬೆಳಿಗ್ಗೆ ಎದ್ದು "ಇಪ್ಪತ್ಮೂರು ಹಾಜರ್, ಇಪ್ಪತ್ನಾಲ್ಕು ಹಾಜರ್". ಬೆಳಗಿನ ಹೊತ್ತು ಅವನು ನೀರಿನ ಘಟಕದಲ್ಲಿ ಊರ ನೀರು ಪರೀಕ್ಷೆ ಮಾಡುತ್ತಿರುತ್ತಾನೆ, ಕೈ ಬಿಡುವಿಲ್ಲ ಅಂತ ನಿನಗೆ ಗೊತ್ತಿತ್ತು. ಒಮ್ಮೆ ನಾನು ಬೈದದ್ದಕ್ಕೆ ಅವನು ತನ್ನ ರೀತಿಯಲ್ಲೇ, ಲ್ಯಾಬಿನ ಬ್ಯೂರೆಟ್ ನಳಿಗೆ ಹನಿಸಿದ ಹಾಗೆ ತೊಟ್ಟು ತೊಟ್ಟಾಗಿ ಹೇಳಿದ್ದ: "ನನ್ ಹಾಜರಿ... ಗಿಳಿ ನೋಡ್ಕೋತಾಳೆ ಬಿಡು."

ಹೋದ ತಿಂಗಳು ಒಂದು ಶನಿವಾರ ಬ್ಯೂರೆಟ್ ರಜೆ ಹಾಕಿದ್ದ. ಮಗಳು ಬರುವವಳಿದ್ದಳು, ಅವಳ ಕೋಣೆಗೆ ಬಣ್ಣ ಹೊಡೆಯಬೇಕು ಅಂತ ನನ್ನನ್ನೇ ಕೇಳಿ ತಿಳಿ ಹಳದಿ ತರಿಸಿದ್ದ. "ಆಳಿಗೆ ಹೇಳೋ" ಅಂದೆ. "ನಾನೇ ಹೊಡೀತೀನಿ" ಅಂದ. ಸ್ಟೂಲಿನ ಮೇಲಿದ್ದಾಗ ಸ್ಟ್ರೋಕ್ ಹೊಡೆದಿದೆ. ಕೆಳಗೆ ಬಿದ್ದವನಿಗೆ ಬಲಗೈ ಬಲಗಾಲು ಆಡಲಿಲ್ಲ, ಮಾತು ಬರಲಿಲ್ಲ. ಫೋನ್ ಅಡಿಗೆಮನೆಯಲ್ಲಿತ್ತು.

ಭಾನುವಾರ ನೀನು ಎರಡು ಹಾಜರಿ ಹಾಕಿದೆ. ಸೋಮವಾರವೂ ಹಾಕಿದೆ. ಸೋಮವಾರ ಮಧ್ಯಾಹ್ನ ಮಗಳು ಲೀಡರ್‌ಗೆ ಫೋನ್ ಮಾಡಿದ್ದಾಳೆ: "ಅಂಕಲ್, ಅಪ್ಪ ನಿನ್ನೆಯಿಂದ ಫೋನ್ ಎತ್ತುತ್ತಿಲ್ಲ. ನಾನು ಈಗ್ಲೇ ಹೊರಡ್ಲಾ?" ಲೀಡರ್ ಗ್ರೂಪ್ ತೆಗೆದು ನೋಡಿದ. ನಂಬರ್ ನೋಡಿದನೇ ಹೊರತು ಹಾಕಿದವರು ಯಾರು ಅಂತ ನೋಡಲಿಲ್ಲ. "ಬೆಳಿಗ್ಗೆ ಹಾಜರಿ ಹಾಕಿದಾನಮ್ಮ. ಬಣ್ಣ ಹೊಡೀತಿದಾನಂತೆ, ಅದಕ್ಕೇ ಎತ್ತಿಲ್ಲ. ನೀನು ನಿಧಾನವಾಗಿ ಬಾ" ಅಂದ. ಅವಳು ಹೊರಡಲಿಲ್ಲ. ಮಂಗಳವಾರ ಬೆಳಿಗ್ಗೆ ಮನಸ್ಸು ತಡೆಯದೆ ಪಕ್ಕದ ಮನೆಯ ದರ್ಜಿಯ ಹೆಂಡತಿಗೆ ಫೋನ್ ಮಾಡಿ ಬಾಗಿಲು ಒಡೆಸಿದಳು.

ಅಲ್ಲಿಗೆ ಹೋದವರಲ್ಲಿ ನಾನೂ ಒಬ್ಬಳು. ಅವನನ್ನು ಎತ್ತಿಕೊಂಡು ಹೋದ ಮೇಲೆ ಕೋಣೆಯಲ್ಲಿ ನಿಂತು ನೋಡಿದೆ. ಡಬ್ಬ ಉರುಳಿ ನೆಲವೆಲ್ಲ ಬಣ್ಣ. ಬೆರಳಿಟ್ಟು ಒತ್ತಿದೆ, ಗುರುತು ಬೀಳಲಿಲ್ಲ. ಅಷ್ಟು ದಪ್ಪ ಚೆಲ್ಲಿದ ಬಣ್ಣ ಹಾಗೆ ಒಣಗಲು ಎಷ್ಟು ಹೊತ್ತು ಬೇಕು ಅಂತ ನನಗೆ ಯಾರೂ ಹೇಳಬೇಕಿಲ್ಲ, ನನ್ನ ಅನ್ನವೇ ಅದು. ಅವನು ಎಡಗೈಯಿಂದ ತೆವಳಿದ ಗೆರೆಗಳು ಬಣ್ಣದಲ್ಲಿ ಬಾಗಿಲ ತನಕ ಇದ್ದವು. ಅಂದರೆ ಬಣ್ಣ ಹಸಿ ಇದ್ದಾಗಲೇ, ಬಿದ್ದ ಸ್ವಲ್ಪ ಹೊತ್ತಿಗೇ ಅವನು ಹೊರಟಿದ್ದ. ಬಾಗಿಲ ತನಕ ಬಂದು ಚಿಲಕ ಎಟುಕದೆ ಅಲ್ಲೇ ಇದ್ದ.

ನಿನ್ನ ಮೇಲೆ ನನಗೆ ಸಿಟ್ಟಿದೆ ಗಿಳಿ. ಸುಳ್ಳು ಹೇಳಿ ಸಮಾಧಾನ ಮಾಡಲು ನನಗೆ ಬರುವುದಿಲ್ಲ. ಡಾಕ್ಟರನ್ನು ಕೇಳಿದೆ. "ಅವತ್ತೇ ತಂದಿದ್ರೆ ಮಾತು ಉಳೀತಿತ್ತು, ಬಹುಶಃ ಓಡಾಡ್ತಿದ್ರು" ಅಂದರು. ಆ ರಾತ್ರಿ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದೆ, ಎದುರಿಗೆ ಪಾಪ ನಮ್ಮ ಯಜಮಾನರಿದ್ದರು, ಅವರು ಕೇಳಿಸಿಕೊಂಡರು. ಬೈದು ಬೈದು ಸುಸ್ತಾದ ಮೇಲೆ ಫೋನ್ ತೆಗೆದು ನಿನ್ನ ಹಳೆಯ ಹಾಜರಿಗಳನ್ನು ಓದಿದೆ. ನೀನು ಅವನನ್ನು ಮರೆತು ಹಾಗೆ ಮಾಡಿದವಳಲ್ಲ. ದಿನ ಬೆಳಗಾದರೆ ಅವನ ನಂಬರ್ ಮೊದಲು ಹಾಕಿ, ನಿನ್ನದು ಆಮೇಲೆ ಹಾಕುತ್ತಿದ್ದವಳು. ಅದೂ ನಿಜ. ನನ್ನ ಸಿಟ್ಟೂ ನಿಜ.

ಮಗಳದ್ದು ಹೇಳುತ್ತೇನೆ. ಬಟ್ಟೆ ಕಾರ್ಖಾನೆಯಲ್ಲಿ ಅಳತೆ ಪ್ರಕಾರ ಕತ್ತರಿಸುವ ಕೆಲಸ ಅವಳದು, ಮಾತೂ ಹಾಗೇ. ಅಪ್ಪನ ಫೋನ್ ತೆಗೆದು ಹಾಜರಿಯೆಲ್ಲ ಓದಿದಳು. ನಿನ್ನ ಹೆಸರು ತೋರಿಸಿ, "ಇವರ್ಯಾರು ಆಂಟಿ? ಇವರಿಗೆ ಏನ್ ಹಕ್ಕಿತ್ತು?" ಅಂದಳು. ನೀನು ಆಸ್ಪತ್ರೆಯ ಗೇಟಿನ ತನಕ ಬಂದು ನಿಂತಿದ್ದೆ, ಅವಳು ಒಳಗೆ ಬಿಡಬೇಡಿ ಅಂದಳು ಅಂತ ನನಗೆ ಆಮೇಲೆ ಗೊತ್ತಾಯಿತು. ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ.

ಈಗ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಲೀಡರ್ ಈಗ ಟೈಪ್ ಮಾಡುವ ಹಾಜರಿ ನಿಲ್ಲಿಸಿದ್ದಾನೆ. ಬೆಳಿಗ್ಗೆ ಎಲ್ಲರನ್ನೂ ಒಟ್ಟಿಗೆ ಫೋನಿಗೆ ಹಾಕಿ, ನಂಬರ್ ಕೂಗಿ, ಅವರವರ ದನಿಯಲ್ಲೇ ಕೇಳಿಸಿಕೊಳ್ಳುತ್ತಾನೆ. ನಿನ್ನೆ ನಾನು ಬ್ಯೂರೆಟ್‌ನ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಫೋನನ್ನು ಅವನ ಕಿವಿಯ ಹತ್ತಿರ ಹಿಡಿದೆ. ನನ್ನದು ಆದ ಮೇಲೆ ಲೀಡರ್ "ಇಪ್ಪತ್ಮೂರು" ಅಂದ. ಬ್ಯೂರೆಟ್ ಕಣ್ಣು ಬಿಟ್ಟ. ಬಾಯಿ ತೆರೆದ. ಕುತ್ತಿಗೆಯ ನರಗಳು ಎದ್ದವು, ಎಡಗೈ ಹೊದಿಕೆ ಹಿಡಿಯಿತು, ಶಬ್ದ ಹೊರಡಲಿಲ್ಲ. ಲೀಡರ್ ಕಾಯುತ್ತಿದ್ದ. ಬ್ಯೂರೆಟ್‌ನ ಕಣ್ಣಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಆಗ ಮಗಳು ಬಗ್ಗಿ, ಅಪ್ಪನ ತಲೆ ಸವರುತ್ತಾ, "ಹಾಜರ್, ಅಂಕಲ್" ಅಂದಳು.

ಅಂದ ಮೇಲೆ ತಾನು ಏನು ಮಾಡಿದೆ ಅಂತ ಅವಳಿಗೇ ಹೊಳೆಯಿತು. ಕಾರಿಡಾರಿಗೆ ಹೋಗಿ ಗೋಡೆಗೊರಗಿ ನಿಂತಳು. ಬಹಳ ಹೊತ್ತಿನ ಮೇಲೆ ನನ್ನನ್ನು ಕರೆದು, "ಅವರಿಗೆ ಬರೋಕ್ ಹೇಳಿ ಆಂಟಿ" ಅಂದಳು. "ಕ್ಷಮೆ ಗಿಮೆ ಅಂತ ನನ್ ಹತ್ರ ಕೇಳೋದ್ ಬೇಡ, ನನ್ ಹತ್ರ ಇಲ್ಲ. ಅಪ್ಪನ ಹತ್ರ ಬಂದು ಕೂತ್ಕೊಳ್ಲಿ, ಸಾಕು."

ಇಷ್ಟು ಸಿಕ್ಕಿದ್ದೇ ಹೆಚ್ಚು ಅಂತ ತಿಳಿದುಕೊಂಡು ಹೊರಟು ಬಾ. ಡಾಕ್ಟರು ಹೆಚ್ಚಿನ ಭರವಸೆ ಕೊಡುತ್ತಿಲ್ಲ, ಎದೆಯಲ್ಲಿ ಕಫ ಕಟ್ಟಿದೆ. ಬಂದು ನಮ್ಮ ಮನೆಯಲ್ಲೇ ಇರು, ಮೇಲಿನ ಕೋಣೆ ಖಾಲಿ ಇದೆ. ಅಳುವುದಿದ್ದರೆ ಅಲ್ಲಿ ಅತ್ತು ಮುಗಿಸಿ ಆಸ್ಪತ್ರೆಗೆ ಹೋಗು. ಊಟ ಬಿಟ್ಟಿದ್ದರೆ ಇವತ್ತೇ ಮಾಡು. ದೇವರು ನಿನಗೆ ಎದ್ದು ಬಾಗಿಲು ತೆಗೆಯುವಷ್ಟು ಶಕ್ತಿ ಕೊಡಲಿ, ಬೇರೇನೂ ಈಗ ಕೇಳುವುದಿಲ್ಲ.

ನಿನ್ನ
ಲಿಟ್ಮಸ್

ಮತ್ತೆ ಬರೆದದ್ದು, ಗುರುವಾರ:

ಸೋಮವಾರ ಅಂಚೆಗೆ ಹಾಕಬೇಕೆಂದು ಲಕೋಟೆ ಅಂಟಿಸಿಟ್ಟಿದ್ದೆ. ಬೆಳಗಿನ ಜಾವವೇ ಮಗಳ ಫೋನ್ ಬಂತು. ಅವನು ಹೋದ, ಗಿಳಿ. ನಿದ್ದೆಯಲ್ಲೇ ಅಂತೆ. ನಿನಗೆ ಹತ್ತಾರು ಸಲ ಫೋನ್ ಮಾಡಿದೆವು. ಎಲ್ಲ ಮುಗಿಸಿ ಬಂದೆವು.

ಮೇಲಿನದನ್ನು ಹರಿದು ಹೊಸದಾಗಿ ಬರೆಯೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ. ಅದರಲ್ಲಿ ಅವನಿನ್ನೂ ಇದ್ದಾನೆ. ಲಕೋಟೆಯನ್ನಷ್ಟೇ ಹರಿದು, ಇದನ್ನು ಸೇರಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಲೀಡರ್ ಮತ್ತೆ ಹಾಜರಿ ತೆಗೆದುಕೊಂಡ. ನಾನು ಹಾಜರ್ ಅಂದೆ. ಇಪ್ಪತ್ಮೂರನ್ನು ಅವನು ಕೂಗಲಿಲ್ಲ. ಆಮೇಲೆ "ಇಪ್ಪತ್ನಾಲ್ಕು" ಅಂದ. ನೀನು ಗ್ರೂಪ್ ಬಿಟ್ಟಿದ್ದರೂ ಅವನು ದಿನವೂ ಕೂಗುತ್ತಾನೆ. ಉತ್ತರವಿಲ್ಲ. ಮತ್ತೆ ಕೂಗಿದ. ಆ ಮೌನ ಕೇಳಲಾಗದೆ ನನ್ನ ಬಾಯಿ ತಾನಾಗಿ ತೆರೆಯಿತು, ಹಾಜರ್ ಅಂದೇ ಬಿಡುತ್ತಿದ್ದೆ. ಹಲ್ಲು ಕಚ್ಚಿ ಮುಚ್ಚಿಕೊಂಡೆ.

ಇದು ಕೈಸೇರಿದ ಮೇಲೆ ಎರಡು ದಿನ ನೋಡುತ್ತೇನೆ. ನಿನ್ನ ದನಿ ಕೇಳದಿದ್ದರೆ ನಾನೂ ಲೀಡರೂ ಬಸ್ಸು ಹತ್ತಿ ಬಂದು ನಿನ್ನ ಬಾಗಿಲು ಒಡೆಸುತ್ತೇವೆ. ನನಗೆ ಹೆದರಿಕೆಯಾಗುತ್ತಿದೆ. ಎಷ್ಟು ಹೆದರಿಕೆಯಾದರೂ ನಿನ್ನ ಹಾಜರಿ ಮಾತ್ರ ನಾನು ಹಾಕುವುದಿಲ್ಲ.