ಅಪ್ಪ ಕರೆತಂದ ಅತಿಥಿ

ಓರ್ತಾ, ಫಯಾಲ್ ದ್ವೀಪ
೯ ನವೆಂಬರ್ ೧೮೬೯

ತಮ್ಮ ಆಲ್ಡೆನ್‌ಗೆ,

ಇಲ್ಲಿ ಎಲ್ಲರೂ ಆರೋಗ್ಯ. ಈ ವರ್ಷ ಬಾಸ್ಟನ್ನಿನ ನಿನ್ನ ಅಂಗಡಿಗೆ ಕಿತ್ತಳೆ ಕಳಿಸುವುದಿಲ್ಲ.

ಕಳೆದ ತಿಂಗಳು ಅಮೆರಿಕದ ಹಡಗೊಂದು ಬಂತು. ಅಜ್ಜ ಮಾಡುತ್ತಿದ್ದಂತೆಯೇ ಅಪ್ಪ, ಅಮೆರಿಕ ಸರ್ಕಾರದ ಪ್ರತಿನಿಧಿಯಾಗಿ, ತಮ್ಮ ಕಾನ್ಸಲ್ ಕೋಟು ತೊಟ್ಟು, ಮೊಣಕಾಲು ನೋವಿನಲ್ಲೂ ದೋಣಿ ಹತ್ತಿ ಎದುರು ಹೋದರು. ಬಂದಿದ್ದ ಅಪರಿಚಿತನನ್ನು ಮನೆಗೆ ಕರೆತಂದು, ನಿನ್ನ ಕೋಣೆ ಕೊಟ್ಟು, ಪಕ್ಕದ ಪೀಕೋ ದ್ವೀಪದ ಹಳೆಯ ವೈನ್ ತೆಗೆಸಿದರು. ಊಟದ ನಡುವೆ ಆತ ಸಂಕೋಚದಿಂದ ಕೇಳಿದ: "ನಿಮ್ಮ ಮಗ ಹೇಳಿಲ್ವಾ ಸಾರ್? ಹೊಸ ಕಾನ್ಸಲ್ ನಾನೇ. ಅಪ್ಪನಿಗೆ ಕೈಲಾಗ್ತಿಲ್ಲ ಅಂತ ವಾಷಿಂಗ್ಟನ್ನಿಗೆ ಬರೆದು ನನ್ನ ಹೆಸರು ಸೂಚಿಸಿದ್ದು ಅವರೇ. ವ್ಯಾಪಾರದಲ್ಲಿ ನಾವಿಬ್ರೂ ಪಾಲುದಾರರು."

ಅಪ್ಪ ಆತನ ತಟ್ಟೆಗೆ ಇನ್ನೊಂದು ಮೀನು ಬಡಿಸಿದರು.

ದೋಣಿಯ ಜಸಿಂಟು ಇನ್ನೂ ಗೊಣಗುತ್ತಿದ್ದಾನೆ: "ಗೊತ್ತಿದ್ರೆ ಅರ್ಧ ದಾರೀಲೇ ದೋಣಿ ಮಗುಚ್ತಿದ್ದೆ ಅಮ್ಮಾ. ಯಜಮಾನ್ರಿಗೇನು, ಈಜು ಬರುತ್ತೆ."

ಅಪ್ಪ ಮಾತ್ರ ನಿನ್ನನ್ನು ಬಯ್ಯಲಿಲ್ಲ. "ಆಲ್ಡೆನ್ ನಂಗೆ ಮೊದಲೇ ಬರೆದಿರ್ತಾನೆ ಕಣಮ್ಮ. ಸೆಪ್ಟೆಂಬರ್‌ನಲ್ಲಿ ಮುಳುಗಿದ ಹಡಗಲ್ಲಿ ಆ ಕಾಗದ ಹೋಗಿರ್ಬೇಕು" ಎಂದರು. ಈಗಲೂ ಹಡಗು ಬಂದಾಗಲೆಲ್ಲ ಬಂದರಿಗೆ ಹೋಗುತ್ತಾರೆ. ಕೋಟು ತೊಡುವುದಿಲ್ಲ. ಮುಳುಗಿದ ಹಡಗಿನ ಟಪಾಲು ಏನಾದರೂ ಸಿಕ್ಕಿತೇ ಎಂದು ಕೇಳಿ ಹಿಂದಿರುಗುತ್ತಾರೆ.

ಆದ್ದರಿಂದ ಆ ಕಾಗದವನ್ನು ಈಗ ಬರೆ. ಆಗಸ್ಟ್ ತಾರೀಖು ಹಾಕು. ಅಪ್ಪನ ಒಪ್ಪಿಗೆ ಕೇಳಿದಂತೆ ಇರಲಿ. ಅದನ್ನು ಉಪ್ಪುನೀರಿನಲ್ಲಿ ನೆನೆಸುವ ಕೆಲಸ ನಾನು ನೋಡಿಕೊಳ್ಳುತ್ತೇನೆ.

ನನಗೆಂದು ನೀನು ಬೇರೆ ಕಾಗದ ಬರೆಯಬೇಕಾಗಿಲ್ಲ.

ನಿನ್ನ ಅಕ್ಕ,
ಲವೀನಿಯಾ