ಮಚ್ಚೆ ಕರು

ಮಾರ್ಚ್ 4
ಬೆಳಿಗ್ಗೆಯಿಂದ ಲ್ಯಾಬಿನಲ್ಲಿ ದನಗಳ ಬಾಲದ ಕೂದಲು. ಬುಡ ಇದ್ದರೆ ಟ್ಯೂಬಿಗೆ, ಇಲ್ಲದಿದ್ದರೆ ಕಸಕ್ಕೆ. ಡಿಎನ್‌ಎ ಸಿಗುವುದು ಬುಡದಲ್ಲಿ. ಅತ್ತೆ ತಮ್ಮ ಹೋರಿಯ ಕೂದಲನ್ನು ಕತ್ತರಿಯಲ್ಲಿ ಕತ್ತರಿಸಿ ಕಳಿಸಿದ್ದಾರೆ! ಕಿತ್ತರೆ ನೋಯುತ್ತದಂತೆ. ತಳಿ ಸಂಘದ ಅಧ್ಯಕ್ಷೆ, ಊರಿಗೆಲ್ಲ ಗದರುವ ಹೆಂಗಸು. ಹೆತ್ತವರಿಗೆ ಹೆಗ್ಗಣ ಮುದ್ದು. ಸಂಜೆ ಕೊಟ್ಟಿಗೆಗೆ ಹೋಗಿ ನಾನೇ ಕಿತ್ತೆ. ಹೋರಿ ಕಿವಿಯೂ ಅಲ್ಲಾಡಿಸಲಿಲ್ಲ. ಅತ್ತೆ ಮುಖ ತಿರುಗಿಸಿ ನಿಂತಿದ್ದರು.

ಮಾರ್ಚ್ 19
ರಿಸಲ್ಟ್ ಬಂತು. ನಮ್ಮ ಕೊಟ್ಟಿಗೆಯೆಲ್ಲ ಆ ಒಂದು ಹೋರಿಯ ಮಕ್ಕಳು, ಮೊಮ್ಮಕ್ಕಳು. ಅಪ್ಪಟ ಕಪ್ಪು ಬೇಕು ಅಂತ ಆರಿಸಿ ಆರಿಸಿ... ಒಳಗೊಳಗೇ ಕೂಡಿ ರಕ್ತ ಸೊರಗಿದೆ. ಕರುಗಳು ಸತ್ತು ಹುಟ್ಟುತ್ತಿರುವುದು ಸುಮ್ಮನೆ ಅಲ್ಲ.

ಬೇರೆ ರಕ್ತ ಒಂದರದ್ದೇ. ಹಣೆಯಲ್ಲಿ ಬಿಳಿ ಮಚ್ಚೆ ಇರುವ ಗಂಡುಕರು. ಅದರ ತಾಯಿಯನ್ನು ಗುಡ್ಡದಾಚೆಯ ಮಂದೆಯಿಂದ ಗಬ್ಬವಿದ್ದಾಗಲೇ ತಂದದ್ದು. ನಮ್ಮದೇ ತಳಿ, ಹಳೆಯ ಇನ್ನೊಂದು ಕವಲು. ತಾಯಿ ಸತ್ತಿತು, ಆ ಮಂದೆಯೂ ಚದುರಿಹೋಯಿತು. ಉಳಿದಿರುವುದು ಇದೊಂದು. ಸಂಘದ ನಿಯಮ — ಮಚ್ಚೆ ಇದ್ದರೆ ತಳಿಯಲ್ಲ, ಬೀಜ ಒಡೆಸಬೇಕು. ಶುಕ್ರವಾರ ದನದ ಡಾಕ್ಟರು ಬರುತ್ತಾರೆ.

ಊಟಕ್ಕೆ ಕೂತಾಗ ಹೇಳಿದೆ.

"ನಿನ್ ಮಷೀನಿಗೇನ್ ಗೊತ್ತಮ್ಮ? ನಮ್ಮತ್ತೆ ಕಾಲದಿಂದ ನೋಡ್ತಾ ಇದೀನಿ. ಮಚ್ಚೆ ಅಂದ್ರೆ ಬೆರಕೆ."

"ಬೆರಕೆ ಅಲ್ಲ ಅತ್ತೆ. ಅದು ಹೋದ್ರೆ ನಮ್ಮ ತಳೀನೇ ಹೋಗುತ್ತೆ."

"ನಾನೇ ನಿಯಮ ಮುರಿದ್ರೆ ಸಂಘದಲ್ಲಿ ನನ್ ಮಾತಿಗೆ ಯಾರು ಸೊಪ್ಪು ಹಾಕ್ತಾರೆ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನನ್ನ ಗಂಡ ತಟ್ಟೆ ನೋಡುತ್ತಾ ಕೂತಿದ್ದ. ಸಿಟ್ಟು ಬಂತು, ಇಬ್ಬರ ಮೇಲೂ.

ಮಾರ್ಚ್ 22, ಶುಕ್ರವಾರ
ಆಫೀಸಿನ ಬಟ್ಟೆಯಲ್ಲೇ ಕರುವಿನ ಪಕ್ಕ ಹುಲ್ಲಿನ ಮೇಲೆ ಕೂತುಬಿಟ್ಟೆ. ಡಾಕ್ಟರು ಇಕ್ಕಳ ಹಿಡಿದು ನಿಂತರು.

"ಸ್ವಲ್ಪ ಸರೀಮ್ಮಾ. ಇನ್ನೂ ಎರಡು ಮನೆ ಇದೆ."

"ಹೋಗಿ ಡಾಕ್ಟ್ರೇ. ಇಲ್ಲಿ ನಿಮಗೆ ಕೆಲಸ ಇಲ್ಲ."

ಅತ್ತೆ ಬಾಗಿಲಲ್ಲಿ. "ಅದು ಹೀಗೇ ಇರೋದಾದ್ರೆ ನೀನು ಈ ಮನೇಲಿ ಇರ್ಬೇಡ."

"ಸರಿ. ಇಬ್ಬರೂ ಹೋಗ್ತೀವಿ."

ಕರುವಿನ ಹಗ್ಗ ಬಿಚ್ಚಿದೆ. ಅರ್ಧ ದಾರಿಯಲ್ಲಿ ತಿರುಗಿ ನೋಡಿದರೆ ಹಿಂಡಿ ಮೂಟೆ ಹೊತ್ತು ನನ್ನ ಗಂಡ. ಬಾಯಿ ಬರದಿದ್ದರೇನು, ಕಾಲಾದರೂ ಬಂತಲ್ಲ.

ಮಾರ್ಚ್ 30
ಲ್ಯಾಬ್ ಕ್ವಾರ್ಟರ್ಸ್. ಒಂದೂವರೆ ಕೋಣೆ. ಕರು ಸ್ಕೂಟರ್ ಶೆಡ್ಡಿನಲ್ಲಿ. ಸೀಟ್ ಕವರ್ ತಿಂದಿದೆ.

"ಇದೇನ್ರೀ ಇದು?" ಅಂದರು ಡೈರೆಕ್ಟರು.

"ಸ್ಯಾಂಪಲ್ ಸರ್."

ಅತ್ತೆಯ ಫೋನಿಲ್ಲ. ನಾನೂ ಮಾಡಲಿಲ್ಲ. ಮಾಡುವುದೂ ಇಲ್ಲ.

ಮರುವರ್ಷ, ನವೆಂಬರ್ 11
ಕರು ಅಂತ ಇನ್ನು ಬರೆಯಬಾರದು. ಲ್ಯಾಬಿನ ಹಿಂದೆ ಬೇಲಿ ಹಾಕಿಸಿದ್ದೇವೆ, ಅದನ್ನೂ ಎರಡು ಸಲ ಮುರಿದಾಯಿತು.

ಮಧ್ಯಾಹ್ನ ಅತ್ತೆ ಬಂದರು. ಸೊರಗಿದ್ದಾರೆ. ಕೂರಲಿಲ್ಲ. ಬೇಲಿಯ ಹತ್ತಿರ ಹೋಗಿ ಮಚ್ಚೆ ಹೋರಿಯನ್ನೇ ನೋಡುತ್ತಾ ನಿಂತರು.

"ಮೊನ್ನೇದೂ ಸತ್ತೇ ಹುಟ್ತು. ಕೈಯಾರೆ ಎಳೆದೆ ಕಣೇ."

ನನಗೆ ಅಳು ಬಂತು. ತೋರಿಸಲಿಲ್ಲ.

"ಇದನ್ನ ನಮ್ಮ ಹಸುಗಳ ಜೊತೆ ಬಿಡ್ತೀಯಾ?"

"ಬಿಡ್ತೀನಿ. ಆದ್ರೆ ಹುಟ್ಟೋ ಕರುಗೆ ಮಚ್ಚೆ ಇದ್ರೂ ನಮ್ಮ ತಳಿ ಅನ್ನಬೇಕು. ಸಭೇಲಿ ನಿಂತು ನೀವೇ ಹೇಳ್ಬೇಕು, ನಿಯಮ ತಪ್ಪು ಅಂತ."

"ಯಾರಿಗೂ ಗೊತ್ತಾಗದ ಹಾಗೆ... ಆಗಲ್ವಾ?"

"ಆಗಲ್ಲ ಅತ್ತೆ."

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅಂತ ಗೊಣಗಿ ಹೊರಟರು.

ಕಿಟಕಿಯಿಂದ ನೋಡುತ್ತಾ ಬರೆಯುತ್ತಿದ್ದೇನೆ. ಗೇಟು ದಾಟಿಲ್ಲ. ಬಿಸಿಲಲ್ಲಿ ನಿಂತಿದ್ದಾರೆ. ಓಡಿಹೋಗಿ ಕೈ ಹಿಡಿದು ಕರೆತರಬೇಕು ಅನ್ನಿಸುತ್ತಿದೆ. ಆದರೆ ಹೇಳಿದ ಮಾತು ಮಾತ್ರ ವಾಪಸ್ ತಗೊಳ್ಳುವುದಿಲ್ಲ. ಸತ್ತರೂ ಇಲ್ಲ.

ಫೋನ್ ತೆಗೆದರು. ಕಿವಿ ಮಂದ, ಅದಕ್ಕೇ ದನಿ ಜೋರು — "ಸೆಕ್ರೆಟರಿಗಳೇ, ಭಾನುವಾರ ಸಂಘದವರನ್ನೆಲ್ಲ ಕರೀರಿ. ಒಬ್ಬರೂ ತಪ್ಪಿಸಬಾರ್ದು. ಯಾಕೆ ಅಂದ್ರೆ? ನಾನು ಮಾಡಿದ್ದು ತಪ್ಪು ಅಂತ ನಾನೇ —"

ಇತ್ತಲೇ ಬರುತ್ತಿದ್ದಾರೆ. ಬಾಗಿಲು...