ಬೂಸ್ಟರ್ ಬೇಕೋ ಬೇಡವೋ

ರೀ,

ಡ್ಯೂಟಿಗೆ ಹೊರಟೆ. ಹನ್ನೊಂದಕ್ಕೆ ಮೆಕ್ಯಾನಿಕ್ ಫೋನ್ ಮಾಡುತ್ತಾನೆ. ನಮ್ಮ ಹಳೇ ಕಾರಿಗೆ ಡಿಸ್ಕ್ ಬ್ರೇಕ್ ಹಾಕಿಸುವುದಂತೂ ಖಾಯಂ. ಬೂಸ್ಟರ್ ಇರುವುದೋ ಇಲ್ಲದ್ದೋ ಎಂದು ಇವತ್ತು ಹೇಳಲೇಬೇಕು. ಬೂಸ್ಟರ್ ಇದ್ದರೆ ಬ್ರೇಕ್ ಒತ್ತಲು ಎಂಜಿನ್ನೂ ಕೈಜೋಡಿಸುತ್ತದೆ. ಇಲ್ಲದಿದ್ದರೆ ಇಡೀ ಭಾರ ನಿಮ್ಮ ಕಾಲಿನದೇ.

"ಬಾನೆಟ್ ಎತ್ತಿದ್ರೆ ಆ ಬೂಸ್ಟರ್ ಡಬ್ಬ ಕಾಣುತ್ತೆ, ಗಾಡಿ ಮರ್ಯಾದೆ ಹೋಗುತ್ತೆ" ಅಂತ ನೀವು ರಾಗ ಎಳೆದದ್ದು ಸಾಕು. ವಾದ ಬೇಡ, ಅಳತೆ ನೋಡೋಣ.

ಬಚ್ಚಲುಮನೆಯ ತೂಕದ ಯಂತ್ರವನ್ನು ಶೆಡ್ಡಿನ ಗೋಡೆಗೆ ಒರಗಿಸಿಟ್ಟಿದ್ದೇನೆ. ಎದುರಿಗೆ ಕುರ್ಚಿ ಇದೆ. ಕುರ್ಚಿಯ ಹಿಂದೆ ಬೆಂಚು ಕೊಟ್ಟಿರುವುದರಿಂದ ಜಾರುವುದಿಲ್ಲ. ಕೂತು, ಬ್ರೇಕ್ ಒತ್ತುವ ಹಾಗೆ ಯಂತ್ರವನ್ನು ಒತ್ತಿ. ಬೂಸ್ಟರ್ ಇಲ್ಲದೆ ಗಾಡಿ ಗಕ್ಕನೆ ನಿಲ್ಲಬೇಕಾದರೆ ನಲವತ್ತು ಕೆಜಿ ಬೇಕು ಎಂದಿದ್ದಾನೆ ಮೆಕ್ಯಾನಿಕ್. ನನ್ನದು ನಲವತ್ತೆಂಟು ಬಂತು. ನಿಮ್ಮದು ನಲವತ್ತು ದಾಟಿದರೆ ನಿಮ್ಮಿಷ್ಟದಂತೆ ಆಗಲಿ, ನಾನು ಚಕಾರ ಎತ್ತುವುದಿಲ್ಲ. ದಾಟದಿದ್ದರೆ ಬೂಸ್ಟರ್ ಹೇಳಿಬಿಡಿ. ಎಷ್ಟು ಬಂತೆಂದು ನನಗೆ ಹೇಳಬೇಕಾಗಿಲ್ಲ.

ಮಂಡಿಯ ಮುಲಾಮು ಟೂಲ್‌ಬಾಕ್ಸಿನಲ್ಲಿ ಸ್ಪ್ಯಾನರ್‌ಗಳ ಅಡಿಯಲ್ಲಿ ಸಿಕ್ಕಿತು. ಕನ್ನಡಿಯ ಪಕ್ಕ ಇಟ್ಟಿದ್ದೇನೆ. ಕದ್ದು ಹಚ್ಚಿಕೊಳ್ಳುವ ವಯಸ್ಸೇ ಇದು?

ಒತ್ತುವಾಗ ಬಲಗಾಲು ಒಂದೇ. ನಿನ್ನೆ ಶಾಲೆಯ ತಿರುವಿನಲ್ಲಿ ನೀವು ಕ್ಲಚ್ ಬಿಟ್ಟು ಎರಡೂ ಕಾಲನ್ನು ಬ್ರೇಕಿನ ಮೇಲೆ ಇಟ್ಟದ್ದನ್ನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಎಂಜಿನ್ ಆಫ್ ಆದದ್ದು ಅದಕ್ಕೇ. ಪಾಪ, ಆ ಕಾರ್ಬುರೇಟರನ್ನು ಮನೆ ತಲುಪುವ ತನಕ ಬೈದಿರಿ.